ಹಾಡದ ಹಲಗೆ

ಮಾರ್ಚ್ 3, ಬೆಳಿಗ್ಗೆ

ಕಪಾಟಿನ ಬಾಗಿಲಿಗೆ ಎರಡನೇ ಕೋಟ್ ಪಾಲಿಶ್. ಅಷ್ಟರಲ್ಲಿ ಸಂಗೀತದ ಮೇಷ್ಟ್ರು ಬಂದರು. ಹೋದ ತಿಂಗಳು ಅಣ್ಣ ಮಾಡಿಕೊಟ್ಟ ಎರಡೂ ಸ್ಪೀಕರ್ ಪೆಟ್ಟಿಗೆ ವಾಪಸ್. ತಗ್ಗಿನ ಸ್ವರ ಬಂದಾಗ ಪೆಟ್ಟಿಗೆಯೇ ಗುಂಯ್ ಎನ್ನುತ್ತದಂತೆ. ಇನ್ನೊಂದೇ ಸಲ ನೋಡುತ್ತಾರಂತೆ. ಆಮೇಲೆ ಬೇರೆ ಬಡಗಿ. ಅಣ್ಣನ ಮುಖ ಹರಳೆಣ್ಣೆ ಕುಡಿದ ಹಾಗೆ.

ಪ್ಲೈವುಡ್ ಒಳಗೆ ಪೊಳ್ಳಿದೆ ಎಂದೆ. ಹದಿನಾಲ್ಕು ವರ್ಷ ಅಣ್ಣನ ಇದೇ ಬಡಗಿ ಶೆಡ್ಡಿನಲ್ಲಿ ಹಲಗೆ ಉಜ್ಜಿದ ಕೈ ನನ್ನದು. ಗೊತ್ತಾಗುತ್ತದೆ.

"ಅಷ್ಟು ಗೊತ್ತಿದ್ರೆ ನೀನೇ ಆರಿಸ್ಕೊಂಡು ಬಾ."

ಅಣ್ಣ ಸಿಟ್ಟಿನಲ್ಲಿ ಅಂದದ್ದು. ನಾನು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಮಾರ್ಚ್ 4, ಮಧ್ಯಾಹ್ನ

ಪ್ಲೈವುಡ್ ಅಂಗಡಿ. ಅಣ್ಣ ಯಾವಾಗಲೂ ಫೋನಿನಲ್ಲೇ ತರಿಸುವವನು. ನಾನು ಒಂದೊಂದೇ ಹಾಳೆ ಇಳಿಸಲು ಹೇಳಿದೆ. ಅಂಚು ನೋಡಿದೆ, ಪದರ ಎಣಿಸಿದೆ, ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದೆ. ಒಂದು ಕಡೆ ಟಕ್, ಇನ್ನೊಂದು ಕಡೆ ಡಬ್ — ಅಲ್ಲಿ ಪೊಳ್ಳು. ಏಳು ಹಾಳೆ ಬೇಡವೆಂದೆ. ಅಂಗಡಿಯವರಿಗೆ ನಗು.

"ಅಲ್ಲಮ್ಮಾ, ಹಾಡೋದು ಸ್ಪೀಕರ್ರು. ಹಲಗೆ ಅಲ್ವಲ್ಲ."

"ಹಲಗೆ ಹಾಡಬಾರ್ದು ಅಂತಾನೇ ನೋಡ್ತಿರೋದು."

ನಗು ನಿಂತಿತು. ಒಳಕೋಣೆಯಲ್ಲಿ ಒರಗಿಸಿದ್ದ, ಬರ್ಚ್ ಎಂಬ ವಿದೇಶಿ ಮರದ ಪ್ಲೈ ತೋರಿಸಿದರು. ಹದಿನೆಂಟು ಎಂಎಂ ದಪ್ಪ, ಹದಿಮೂರು ಪದರ, ಮುಚ್ಚಿದ ಪುಸ್ತಕದ ಹಾಗೆ ಒತ್ತಾದ ಅಂಚು. ಮೂಲೆಯಿಂದ ಮೂಲೆಗೆ ತಟ್ಟಿದೆ. ಎಲ್ಲ ಕಡೆ ಒಂದೇ ಸದ್ದು. ಇದ್ದದ್ದು ಒಂದೇ ಹಾಳೆ… ಕೊಯ್ಯುವಾಗ ತಪ್ಪಿದರೆ ಮುಗಿಯಿತು.

ಮಾರ್ಚ್ 5

ಅಣ್ಣ ಹಾಳೆ ಎತ್ತಿ, ಭಾರ ಇದೆ ಎಂದ. ಮೂರು ಸಲ ಅಳತೆ ಹಿಡಿದ. ಕೊಯ್ದ ಮೇಲೆ ಅಂಚನ್ನು ಕಣ್ಣ ಹತ್ತಿರ ಹಿಡಿದು ತುಂಬ ಹೊತ್ತು ಹುಡುಕಿದ. ಒಂದು ಸಂದೂ ಸಿಗಲಿಲ್ಲ.

ಮಾರ್ಚ್ 13, ಸಂಜೆ

ಒಂದು ವಾರ ಬರೆದಿಲ್ಲ. ಬೆರಳಲ್ಲೆಲ್ಲ ಅಂಟು, ಪಾಲಿಶ್.

ಇವತ್ತು ಮೇಷ್ಟ್ರ ಮನೆ. ಹೊಸ ಪೆಟ್ಟಿಗೆಗಳಲ್ಲಿ ಸ್ಪೀಕರ್ ಕೂರಿಸಿ, ಅದೇ ತಗ್ಗಿನ ಸ್ವರದ ಹಾಡು ಹಾಕಿದರು. ಮೇಷ್ಟ್ರು ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಒತ್ತಿ ಕಣ್ಣು ಮುಚ್ಚಿದರು. ಹಾಡು ಮುಗಿದರೂ ಕೈ ತೆಗೆಯಲಿಲ್ಲ.

"ಪೆಟ್ಟಿಗೆ ಇದೆ ಅಂತಾನೇ ಗೊತ್ತಾಗಲ್ವಲ್ಲಪ್ಪ," ಎಂದರು, ಅಣ್ಣನ ಕಡೆ ತಿರುಗಿ.

ಅಣ್ಣ ನನ್ನತ್ತ ಕೈ ತೋರಿಸಿದ. "ಹಲಗೆ ಆರಿಸಿದ್ದು ಇವಳು, ಮೇಷ್ಟ್ರೇ. ನಾನು ಕೊಯ್ದೆ, ಅಷ್ಟೇ."

ಸಂಗೀತ ಕಲಿಸುವ ಹಾಲ್‌ಗೆ ಇನ್ನೂ ನಾಲ್ಕು ಪೆಟ್ಟಿಗೆ ಬೇಕಂತೆ. ವಾಪಸ್ ಬರುವಾಗ ನನಗಂತೂ ಕಾಲು ನೆಲದ ಮೇಲಿರಲಿಲ್ಲ.

ಮಾರ್ಚ್ 14, ಬೆಳಿಗ್ಗೆ

ಹೊರಗೆ ಹೊಸ ಗಿರಾಕಿ. ಊಟದ ಮೇಜಿಗೆ ಯಾವ ಹಲಗೆ ಒಳ್ಳೆಯದು ಎಂದು ಅಣ್ಣನನ್ನು ಕೇಳುತ್ತಿದ್ದಾರೆ.

"ಒಂದ್ನಿಮಿಷ ಇರಿ. ಅದನ್ನ ನನ್ನ ತಂಗೀನೇ ಹೇಳ್ಬೇಕು."

ಕರೆಯುತ್ತಿದ್ದಾನೆ. ಕೈ ಒರೆಸಿಕೊಂಡು ಹೋ—