ಶನಿವಾರದ ಜಿಲೇಬಿ

೧೮ ಏಪ್ರಿಲ್, ಶುಕ್ರವಾರ

ಮತ್ತೆ ದಾರ ಕಿತ್ತುಹೋಯಿತು. ಬೆಳಗ್ಗೆಯಿಂದ ಕಟ್ಟಿದ್ದು ಎರಡೇ ಹುಳ. ಒಂದು ಪರವಾಗಿಲ್ಲ, ಮೊದಲ ಮಳೆಗೆ ಏಳುವ ರೆಕ್ಕೆಗೆದ್ದಲು, ಈಸಲಿನ ಹಾಗೇ ಇದೆ. ಇನ್ನೊಂದು ನಮ್ಮ ಪ್ರಿನ್ಸಿಪಾಲರ ಹಾಗೆ. ಮೀಸೆ ಜಾಸ್ತಿ, ಹಾರುವ ಲಕ್ಷಣವಿಲ್ಲ.

ರಜಾ ದಿನ ಬಂತೆಂದರೆ ಇಂಗ್ಲಿಷ್ ಮೇಷ್ಟ್ರು ರುದ್ರಸ್ವಾಮಿಯವರ, ಅಂದರೆ ನನ್ನ, ಕಾಯಕ ಇದು. ಕೊಕ್ಕೆಗೆ ಗರಿ, ದಾರ ಸುತ್ತಿ ಸುಳ್ಳು ಹುಳ ಕಟ್ಟುವುದು. ಹೊಳೆಯಲ್ಲಿ ನಿಜದ ಹುಳ ಏಳುವ ಹೊತ್ತಿಗೆ ಅವುಗಳ ನಡುವೆ ತೇಲಿಬಿಡುವುದು. ಮೀನು ಮೋಸಹೋದರೆ ಎಳೆದು, ಮುಖ ನೋಡಿ, ಕೊಕ್ಕೆ ಬಿಡಿಸಿ, ಹೋಗಿ ಬಾ ಎಂದು ಕಳಿಸುವುದು. ಲಿಂಗ ಕಟ್ಟಿಸಿಕೊಂಡ ಕೊರಳು — ತಿನ್ನುವ ಮಾತೇ ಇಲ್ಲ. ಲಕ್ಷ್ಮೀಪುರಂನಿಂದ ಫೋನ್ ಮಾಡಿದಾಗಲೆಲ್ಲ ಅಕ್ಕ ಕೇಳುತ್ತಾಳೆ, "ತಿನ್ನೋಲ್ಲ ಅಂದ್ಮೇಲೆ ಅದರ ಬಾಯಿಗೆ ಯಾಕೋ ಕೈ ಹಾಕ್ತೀಯ?" ಉತ್ತರ ಸಿಕ್ಕಿಲ್ಲ. ಸಿಕ್ಕರೂ ಬಿಟ್ಟುಬಿಡುತ್ತೇನೇನೋ.

ಸಂಜೆ

ಲಷ್ಕರ್ ಮೊಹಲ್ಲಾ. ತಿಮ್ಮಪ್ಪ ಮ್ಯಾಚಿಂಗ್ ಸೆಂಟರ್. ಹೆಂಗಸರೆಲ್ಲ ಸೀರೆ ಹಿಡಿದು ನಿಂತಿದ್ದರು, ಬ್ಲೌಸ್ ಪೀಸಿಗೆ, ಫಾಲ್ಸಿಗೆ. ನನ್ನ ಕೈಯಲ್ಲಿ ಬೆಂಕಿಪೊಟ್ಟಣ, ಅದರೊಳಗೆ ಹೋದ ವರ್ಷದ ಸತ್ತ ಈಸಲು. ಪಕ್ಕದ ಹೆಂಗಸು ಇಣುಕಿ ಹಿಂದೆ ಸರಿದರು.

"ಇದ್ಯಾವ ಸೀರೆಗೆ ಸಾರ್?"

ಗಲ್ಲಾದ ಹಿಂದಿದ್ದ ಅಂಗಡಿಯ ಒಡತಿ ಗಗನ ತಲೆಯೆತ್ತಲಿಲ್ಲ. "ಸೀರೆಗಲ್ಲ ಕಣಕ್ಕ. ಇವ್ರು ಹುಳಕ್ಕೆ ಬ್ಲೌಸ್ ಹೊಲಿಸ್ತಾರೆ."

ಆಮೇಲೆ ಪೊಟ್ಟಣ ತೆಗೆದುಕೊಂಡು ಬಾಗಿಲಿಗೆ ಹೋದಳು. ಟ್ಯೂಬ್‌ಲೈಟಿನಡಿ ಬಣ್ಣ ನಿಜ ಹೇಳುವುದಿಲ್ಲವಂತೆ. ಹೊರಗಿನ ಬೆಳಕಿಗೆ ಹುಳ ಹಿಡಿದು, ಪಕ್ಕದಲ್ಲಿ ಒಂದೊಂದೇ ರೀಲು ಹಿಡಿದು, ಕಣ್ಣು ಕಿರಿದು ಮಾಡಿ… "ಕಂದು ಅಲ್ಲ ಮೇಷ್ಟ್ರೇ. ಜೋನಿಬೆಲ್ಲ."

ಒಂದು ವರ್ಷದಿಂದ ಹೀಗೆ. ಮನೆಯಲ್ಲಿರುವ ದಾರ ಚಾಮರಾಜಪುರಂಗೆಲ್ಲ ಗಾಳಿಪಟ ಹಾರಿಸಲು ಸಾಕು. ಆದರೂ ಪ್ರತಿ ಶುಕ್ರವಾರ ನನಗೆ ದಾರ ಮುಗಿಯುತ್ತದೆ.

೨೭ ಏಪ್ರಿಲ್, ಭಾನುವಾರ

ಗಗನ ಹೊಳೆಗೆ ಬಂದಿದ್ದಳು!

"ನಾನು ಕೊಟ್ಟ ದಾರ ಏನ್ ಮಾಡ್ತೀರ ಅಂತ ನೋಡ್ಬೇಕು" ಎಂದು ತಾನೇ ಹೇಳಿದ್ದು. ತನ್ನ ಸ್ಕೂಟಿಯಲ್ಲೇ ಹಿಂದೆ ಬಂದಳು. ಕಾವೇರಿಯ ಯಾವ ತಿರುವು ಎಂದು ಇಲ್ಲಿಯೂ ಬರೆಯುವುದಿಲ್ಲ. ಮೀನು ಹಿಡಿಯುವವನು ಡೈರಿಯನ್ನೂ ನಂಬಬಾರದು.

ಬಿಸಿಲು ಇಳಿಯುತ್ತಿದ್ದಂತೆ ನೀರಿನಿಂದ ಹೊಳೆಹುಳ ಎದ್ದವು. ಬೂದಿಬಣ್ಣದ ತೆಳು ರೆಕ್ಕೆ, ಬಾಲಕ್ಕೆ ಕೂದಲೆಳೆ. ಒಂದು, ಹತ್ತು, ಆಮೇಲೆ ಕಣ್ಣಿಗೇ ಬಡಿಯುವಷ್ಟು. ಅವಳ ಜಡೆಯ ಮೇಲೆ ಹೂ ಮುಡಿಸಿದ ಹಾಗೆ ಸಾಲಾಗಿ ಕೂತವು. ಹೇಳಿದೆ: ರೆಕ್ಕೆ ಬಂದ ಮೇಲೆ ಇವಕ್ಕೆ ಬಾಯಿಯೇ ಇಲ್ಲ, ತಿನ್ನುವುದಿಲ್ಲ, ಒಂದೆರಡು ದಿನದ ಬದುಕು, ಅದೂ ಬರೀ ಮದುವೆಗೆ.

"ಬಾಯಿಲ್ದೇನೇ ಒಂದೇ ಸಂಜೇಲಿ ಮದ್ವೆ ಮುಗಿಸ್ತವಾ?" ಎಂದಳು. "ಬಾಯಿರೋರು ನೋಡಿ ಕಲೀಬೇಕು."

ಗಾಳದ ಕೋಲು ನನ್ನ ಕೈಯಿಂದ ಜಾರಿತು.

ಒಂದು ಗೆಂಡೆ ಸಿಕ್ಕಿತು, ಅಂಗೈಗಿಂತ ದೊಡ್ಡದು. ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ.

"ಅಯ್ಯೋ, ಜಾರ್ತಾ?"

"ಇಲ್ಲ, ಬಿಟ್ಟೆ."

"ಬೇಕೂ ಅಂತ ಬುಟ್ರಾ? ಅಷ್ಟು ದಪ್ಪ ಗೆಂಡೇನ? ನಮ್ಮಮ್ಮ ನೋಡಿದ್ರೆ ಮೀನಿನ ಹಿಂದೇನೇ ನಿಮ್ಮನ್ನೂ ತಳ್ಬುಡೋರು ಕಣ್ರೀ!"

ಎರಡನೆಯದು ಸಿಕ್ಕಾಗ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ಅದು ಸುಸ್ತಾಗಿತ್ತು. ನೀರು ಬರುವ ಕಡೆಗೆ ಮುಖ ಮಾಡಿಸಿ, ಉಸಿರು ಕೂಡಿಕೊಳ್ಳುವವರೆಗೆ ಎರಡು ಕೈಯಲ್ಲಿ ಹಿಡಿದಿದ್ದೆ. ಬಾಲ ಅಲ್ಲಾಡಿಸಿತು, ಹೋಯಿತು. ಅವಳು ಮಾತಾಡಲಿಲ್ಲ. ಹೊರಡುವವರೆಗೂ ಮಾತಾಡಲಿಲ್ಲ. ಬೋರ್ ಆಯಿತೇನೋ.

೨ ಮೇ, ಶುಕ್ರವಾರ

ಭರಣಿ ಮಳೆ. ಅಂಗಡಿಯಲ್ಲಿ ಗಿರಾಕಿಗಳಿಲ್ಲ. ಇಂದಲ್ಲದಿದ್ದರೆ ಎಂದೂ ಇಲ್ಲ ಎಂದುಕೊಂಡು ನಿಂತೆ. ಮೀನು ನನ್ನ ಹವ್ಯಾಸ, ಮೇಷ ನನ್ನ ರಾಶಿ, ಮೀನಮೇಷ ಎಣಿಸದೆ ಇನ್ನೇನು ಮಾಡಲಿ? ಹವಾಮಾನ ಆಯಿತು. ಕಾಲೇಜಿನ ವಿಷಯ ಆಯಿತು. ಹವಾಮಾನ ಮತ್ತೊಮ್ಮೆ ಆಯಿತು. ಅವಳು ಲೇಸ್ ಅಳೆಯುವುದನ್ನು ನಿಲ್ಲಿಸಿದಳು.

"ಮದ್ವೆ ಆಗೋಣ ಅಂತ ಕೇಳಕ್ಕೆ ಬಂದ್ರಾ, ಇಲ್ಲಾ ಇನ್ನೊಂದು ರೀಲು ಬೇಕಾ? ಒಂದೇ ಸಲ ಹೇಳ್ಬುಡಿ."

"ಎರಡೂ."

ನಕ್ಕಳು. ಗಂಡ ತೀರಿಹೋದ ಮೇಲೆ ಈ ಅಂಗಡಿ, ಮೇಲಿನ ಮನೆ, ಅಮ್ಮ — ಇಷ್ಟೇ ಅವಳ ಪ್ರಪಂಚ ಎಂದು ಯಾವಾಗಲೋ ಹೇಳಿದ್ದಳು. ನಗು ಮುಗಿದ ಮೇಲೆ ರೀಲು ಸುತ್ತುತ್ತಾ, ನನ್ನ ಕಡೆ ನೋಡದೆ, "ನಂದೇನಿಲ್ಲ. ಅಮ್ಮನ್ನ ಒಪ್ಸಿ."

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಛತ್ರಿ ಅಲ್ಲೇ ಬಿಟ್ಟು ಬಂದಿದ್ದೇನೆ. ಪೂರ್ತಿ ನೆನೆದಿದ್ದೇನೆ. ಸಂತೋಷ.

೪ ಮೇ, ಭಾನುವಾರ

ಗಗನಳ ಅಮ್ಮ ಮಂಗಳಮ್ಮನವರ ಮುಂದೆ ಕೂತಿದ್ದೆ. ಒಳಗೆ ಮೀನುಸಾರು ಕುದಿಯುತ್ತಿತ್ತು. ಅವರು ಸುತ್ತುಬಳಸುವ ಪೈಕಿ ಅಲ್ಲ.

"ನೋಡಿ ಮೇಷ್ಟ್ರೇ, ನೀವು ಒಳ್ಳೇರು. ಆದ್ರೆ ನಿಮ್ ಮನೇಲಿ ಈರುಳ್ಳಿ ಹೆಚ್ಚೋಕೂ ಶಾಸ್ತ್ರ ಕೇಳ್ತೀರಿ. ನನ್ ಮಗಳು ಹುಟ್ಟಿದಾಗಿಂದ ಮೀನು ತಿಂದವ್ಳೆ. ನಾಳೆ ನಿಮ್ ಮನೇಲಿ ಬಾಯಿ ಕಟ್ಕೊಂಡು ಎಂಗೆ ಇದ್ದಾಳು?"

"ಕಟ್ಟಿಕೊಳ್ಳಬೇಕಾಗಿಲ್ಲಮ್ಮ. ಅವರು ಮಾಡಿಕೊಳ್ಳಲಿ."

"ಮಾತು ಯಾರು ಬೇಕಾದ್ರೂ ಆಡ್ತಾರೆ ಬುಡಿ."

ಊಟಕ್ಕೆ ನನಗೆಂದೇ ಬೇರೆ ಪಾತ್ರೆಯಲ್ಲಿ ಬೇಳೆಸಾರು ಮಾಡಿದ್ದರು. ಅದೂ ಒಂದು ಉತ್ತರವೇ.

ಅಕ್ಕನಿಗೆ ಫೋನಿನಲ್ಲಿ ಹೇಳಿಬಿಟ್ಟೆ.

"ಮೀನು ತಿನ್ನೋರೇನೋ?"

"ಹೂಂ."

"ನೀನು ಹಿಡೀತೀಯ, ಅವಳು ತಿಂತಾಳೆ. ಜಾತಕ ಕೂಡ್ತು ಬಿಡು."

ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನಮ್ಮ ಮನೆಯ ಹಾಸ್ಯವೇ ಹೀಗೆ, ಸ್ವಲ್ಪ ಒದ್ದೆ.

೧೦ ಮೇ, ಶನಿವಾರ. ಬೆಳಗ್ಗೆ

ರಾತ್ರಿ ಮಳೆ. ಬೆಳಕು ಹರಿಯುವಾಗ ಹೊಳೆಯ ದಡದಲ್ಲಿ ಈಸಲು ಎದ್ದವು. ನೆಲ ಆಕಳಿಸಿ ರೆಕ್ಕೆ ಉಗುಳುತ್ತಿತ್ತು. ಈ ವರ್ಷದ ಮೊದಲ ಏಳಿಕೆ. ಜೋನಿಬೆಲ್ಲದ ದಾರದ ಹುಳ ನೀರಿಗೆ ಬಿದ್ದದ್ದೇ ತಡ, ಎಳೆತ.

ಜಿಲೇಬಿ. ಮೀನಿನ ಹೆಸರೇ ಅದು. ಎಲ್ಲ ಕೆರೆ, ಎಲ್ಲ ಹೊಳೆಯಲ್ಲೂ ಹೇರಳ.

ಮಾತು ಯಾರು ಬೇಕಾದರೂ ಆಡುತ್ತಾರೆ — ಸರಿ, ಮಾಡಿ ತೋರಿಸೋಣ ಎಂದುಕೊಂಡೇ ಹೋಗಿದ್ದೆ. ಕಲ್ಲು ತೆಗೆದುಕೊಂಡೆ.

ಇದರ ಬಗ್ಗೆ ತಮಾಷೆ ಬರೆಯಲು ನೋಡಿದೆ. ಬರಲಿಲ್ಲ.

ಸಂಜೆ

ಬರೆದೇ ತೀರಬೇಕು.

ಮೀನನ್ನು ಹೇಗೆ ಒಯ್ಯುತ್ತಾರೆಂದು ಗೊತ್ತಿರಲಿಲ್ಲ. ಹೆಣ್ಣು ಕೇಳಲು ಹೋಗುವಾಗ ಹೇಗೆ ಹೋಗುತ್ತಾರೆಂದು ಮಾತ್ರ ಗೊತ್ತಿತ್ತು. ಆದ್ದರಿಂದ ಬಾಳೆಲೆಯಲ್ಲಿ ಸುತ್ತಿ, ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ಎಲೆ ಅಡಿಕೆ, ಒಂದು ಮೊಳ ಹೂ. ಬಾಲ ಎಲೆಯಿಂದ ಆಚೆಗೆ. ಮದುವೆ ಮಾತಿಗೆ ಜಿಲೇಬಿ ತಂದಿದ್ದೇನೆ ಎಂಬ ಜೋಕನ್ನು ದಾರಿಯುದ್ದಕ್ಕೂ ಉಜ್ಜಿ ಹೊಳಪು ಮಾಡಿಟ್ಟುಕೊಂಡಿದ್ದೆ.

ಬಾಗಿಲು ತೆರೆದರು ಮಂಗಳಮ್ಮ. ಮಿಂದ ತಲೆ, ಕೈಯಲ್ಲಿ ತುಳಸಿಹಾರ. ಒಳಗೆ ತಿಮ್ಮಪ್ಪನ ಪಟದ ಮುಂದೆ ದೀಪ ಉರಿಯುತ್ತಿತ್ತು. ಅವರು ಬಾಲ ನೋಡಿದರು.

"ಇವತ್ತು ಶನಿವಾರ ಕಣ್ರಪ್ಪೋ!"

ತಿಮ್ಮಪ್ಪನ ಒಕ್ಕಲು. ಶನಿವಾರ ಅವರ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವುದಿಲ್ಲವಂತೆ. ನನಗೇನು ಗೊತ್ತು? ತಿನ್ನುವವರು ಎಲ್ಲ ದಿನವೂ ತಿನ್ನುತ್ತಾರೆ ಎಂದುಕೊಂಡಿದ್ದೆ. ಜನ್ಮದಲ್ಲಿ ತಿನ್ನದವನಿಗೆ ತಿನ್ನಬಾರದ ದಿನ ಹೇಗೆ ತಿಳಿಯಬೇಕು? ವರ್ಷದಿಂದ ಅಂಗಡಿಯ ಬೋರ್ಡಿನ ಮೇಲೆ ತಿಮ್ಮಪ್ಪ ಇದ್ದಾನೆ. ಮಕ್ಕಳಿಗೆ ಪದ್ಯದ ಒಳಾರ್ಥ ಹೇಳುವ ಮೇಷ್ಟ್ರು ಬೋರ್ಡಿನ ಹೊರಾರ್ಥವನ್ನೂ ಓದಿಲ್ಲ.

ಹೊಸ್ತಿಲಾಚೆಯೇ ನಿಂತೆ, ತಟ್ಟೆ ಹಿಡಿದು. ಮೀನು ಕೊಟ್ಟುಬಿಡಲು ಮಂಗಳಮ್ಮ ಎದುರುಮನೆಯವರನ್ನು ಕೂಗಿದರು. ಅಷ್ಟರಲ್ಲಿ ಗಗನ ಅಂಗಡಿಯಿಂದ ಮೆಟ್ಟಿಲು ಹತ್ತಿ ಬಂದಳು. ಎಲೆ ನೋಡಿದಳು, ನನ್ನನ್ನು ನೋಡಿದಳು.

"ನೀವೇ ಕೊಂದ್ರಾ?"

"ಹೂಂ. ಶನಿವಾರ ತಿನ್ನೋಲ್ಲ ಅಂತ ಗೊತ್ತಿರಲಿಲ್ಲ…"

"ಶನಿವಾರ ಹೋಗ್ಲಿ ಬುಡಿ. ಅವತ್ತು ಹೊಳೇಲಿ ಮೀನಿಗೆ ಉಸಿರು ಬರೋಗಂಟ ಕೈಯಲ್ಲಿ ಹಿಡ್ಕೊಂಡು ಕೂತಿದ್ರಲ್ಲ, ಆ ಕೈ ನೋಡಿ ನಾನು ಒಪ್ಪಿದ್ದು. ಮೀನು ಹೊಡೆಯೋರು ನಮ್ಮೋರಲ್ಲೇ ಬೇಕಾದಷ್ಟು ಜನ ಅವ್ರೆ ಮೇಷ್ಟ್ರೇ."

ಒಳಗೆ ಹೋದಳು. ಆ ಜೋಕು ಹಾಗೇ ಉಳಿಯಿತು.

೧೧ ಮೇ, ಭಾನುವಾರ

ಗಗನ ಫೋನ್ ಎತ್ತಲಿಲ್ಲ.

೧೮ ಮೇ, ಭಾನುವಾರ

ಮಂಗಳಮ್ಮನವರ ಫೋನ್.

"ಮೇಷ್ಟ್ರೇ, ನಾನು ವಾರದಿಂದ ನಗ್ತಾ ಇವ್ನಿ. ಬೀದಿಯೋರ್ಗೆಲ್ಲ ಹೇಳ್ಬುಟ್ಟೆ. ಹೂವು ಬೇರೆ ಇಟ್ಕೊಂಡು ಬಂದಿದ್ರಲ್ಲ!"

"ಕ್ಷಮಿಸಿ ಅಮ್ಮ."

"ಕ್ಷಮ್ಸೋದೇನು? ಮೋಸ ಮಾಡೋನು ವಾರ ವಿಚಾರಿಸ್ಕೊಂಡು ತತ್ತಾನೆ. ನಿಮಗೆ ಅಷ್ಟೂ ಬರಾಕಿಲ್ಲ. ನಂದು ಒಪ್ಗೆ ಕಣಪ್ಪ." ದನಿ ತಗ್ಗಿಸಿ, "ಅವಳದ್ದು ಗೊತ್ತಿಲ್ಲ. ಮುಖ ಊದಿಸ್ಕೊಂಡವ್ಳೆ."

ತಾಯಿಯನ್ನು ಒಪ್ಪಿಸು ಎಂದಿದ್ದಳು. ಒಪ್ಪಿಸಿದೆ. ಅದೇ ಏಟಿಗೆ ಮಗಳನ್ನು ಕಳೆದುಕೊಂಡೆ. ಕೋಲು ಮೂಲೆಯಲ್ಲಿದೆ. ಎರಡು ಸಲ ಎತ್ತಿ ನೋಡಿದೆ, ಕೈಯಲ್ಲಿ ಆ ಕಲ್ಲಿನ ತೂಕವೇ ಬರುತ್ತದೆ.

೨೧ ಮೇ, ಬುಧವಾರ

ಮಧ್ಯಾಹ್ನ ಜೋರು ಮಳೆ, ಆಮೇಲೆ ಹಳದಿ ಬಿಸಿಲು. ಫೋನ್. ಅವಳೇ.

"ನಮ್ಮ ಬೀದಿ ಮಣ್ಣಿಂದ ಹುಳ ಏಳ್ತಾ ಅವೆ. ಹೊಳೆಗೆ ಹೋಗಲ್ವಾ?"

"ಕೈ ಬರ್ತಿಲ್ಲ."

ಆ ಕಡೆಯಿಂದ ಅಂಗಡಿಯ ಶಟರ್ ಎಳೆದ ಸದ್ದು. "ಬರ್ತೀನಿ. ಹೊರಡಿ."

ಇಂಥ ಏಳಿಕೆ ನಾನು ನೋಡಿರಲಿಲ್ಲ. ದಡದ ಒಂದೊಂದು ಬಿರುಕಿನಿಂದಲೂ ಈಸಲು, ಹೊಗೆಯ ಹಾಗೆ. ಎದ್ದದ್ದೆಲ್ಲ ಗಾಳಿಗೆ ಹೊಳೆಯ ಮೇಲೆ. ನೀರಿನ ತುಂಬ ಮೀನಿನ ಬಾಯಿ, ಅನ್ನ ಕುದಿವ ಹಾಗೆ ತಳಪಳ. ಕೊಕ್ಕರೆಗಳು ಕೂಡ ಹೊಟ್ಟೆ ತುಂಬಿ ಬೇಜಾರಾಗಿ ನಿಂತಿದ್ದವು. ನಾನು ಕೋಲು ಹಿಡಿದು ಸುಮ್ಮನೆ ನಿಂತೆ.

"ಹಾಕಿ."

"ಸಿಕ್ಕಿದರೆ?"

"ಬುಡಿ. ಅದಕ್ಕೇ ಅಲ್ವಾ ಬಂದಿರೋದು?" ಕಣ್ಣ ಮೇಲೆ ಕೂತ ಹುಳ ಒರೆಸಿಕೊಂಡಳು. "ಕೇಳ್ಕೊಳ್ಳಿ. ನನಗೆ ತಿನ್ನೋ ಮೀನು ನಾನು ಮಾರ್ಕೆಟ್ಟಲ್ಲಿ ತರ್ತೀನಿ. ನಿಮ್ಮ ಕೈಗೆ ಬಂದಿದ್ದು ನೀರಿಗೇ ಹೋಗ್ಬೇಕು. ನನಗೋಸ್ಕರ ನೀವು ಬೇರೆ ಯಾರೋ ಆಗ್ಬುಟ್ರೆ, ನಾನು ಯಾರ್ನ ಮದ್ವೆ ಆಗ್ಲಿ?"

ಬೀಸಿದೆ. ಗೆಂಡೆ. ಅದು ಸುಸ್ತಾಗಿರಲಿಲ್ಲ, ಹಿಡಿದು ಕೂರುವ ಅಗತ್ಯವೇ ಇರಲಿಲ್ಲ. ಆದರೂ ಹಿಡಿದು ಕೂತೆ. ನೀರಿನೊಳಗೆ ನನ್ನ ಕೈಯ ಕೆಳಗೆ ತನ್ನ ಕೈ ಇಟ್ಟಳು. ಹೋಯಿತು. ಕೈಗಳು ಉಳಿದವು.

"ಹಾಗಾದ್ರೆ…" ಎಂದೆ.

"ಹಾಗಾದ್ರೆ ಏನಿಲ್ಲ. ಒಂದು ಭಾನುವಾರ ನಿಮ್ಮನೆಗೆ ಬರ್ತೀವಿ. ಮೀನು ತರ್ತೀನಿ. ನಿಮ್ಮ ಒಲೆ ಮೇಲೆ ಬೆಂದ ಮೇಲೂ ನಿಮ್ಮ ಮುಖ ಹಿಂಗೇ ಇದ್ರೆ ಆಗ ಹೇಳ್ತೀನಿ."

೧ ಜೂನ್, ಭಾನುವಾರ. ಸಂಜೆ

ಚಾಮರಾಜಪುರಂನ ಈ ಅಡುಗೆಮನೆಯಲ್ಲಿ ಮೊದಲ ಸಲ ಮೀನು ಬೇಯುತ್ತಿದೆ. ಹೊಸ ಬಾಣಲೆ, ಅಮ್ಮ ಮಗಳೇ ತಂದದ್ದು. ವಾಸನೆ ಮೂಗಿಗೆ ಹೊಡೆಯುತ್ತಿದೆ ನಿಜ, ಮುಖ ಮಾತ್ರ ಬುದ್ಧನ ಹಾಗೆ ಇಟ್ಟುಕೊಂಡು ನಡುಮನೆಯ ದೀಪದಡಿ ಇದನ್ನು ಬರೆಯುತ್ತಾ ಕೂತಿದ್ದೇನೆ. ಗಗನ ಆಗಾಗ ಬಾಗಿಲಿಗೆ ಬಂದು ಪರೀಕ್ಷೆ ಮಾಡಿ ಹೋಗುತ್ತಾಳೆ. ತೀರ್ಪು ಇನ್ನೂ ಬಂದಿಲ್ಲ.

ಅಕ್ಕ ಬಂದಿದ್ದಾಳೆ. ಮೂಗಿಗೆ ಸೆರಗು ಮುಚ್ಚಿ ಜಗುಲಿಯಲ್ಲಿ ಬೀದಿಗೆ ಮುಖ ಮಾಡಿ ಕೂತಿದ್ದಾಳೆ. ಸೆರಗಿನೊಳಗಿಂದಲೇ ಕೇಳಿದಳು, "ಹುಣಿಸೇಹಣ್ಣು ಎಷ್ಟು ಹಾಕ್ತೀರಿ ಮಂಗಳಮ್ಮ?" ಒಳಗಿನಿಂದ ಉತ್ತರ: "ನಿಂಬೆ ಗಾತ್ರ. ಬಂದು ನೋಡಿ, ನೋಡಿದ್ರೆ ಮೈಲಿಗೆ ಆಗಾಕಿಲ್ಲ." ಈಗ ಅಕ್ಕನ ಕುರ್ಚಿ ಖಾಲಿ.

ಮಳೆ ನಿಂತಿದೆ. ಕಿಟಕಿಗೆ ಟಪ್ ಎಂದು ಒಂದು ಈಸಲು ಬಡಿಯಿತು. ಇನ್ನೊಂದು. ಪುಸ್ತಕದ ಮೇಲೊಂದು, ಈ ಸಾಲಿನ ಮೇಲೆಯೇ ರೆಕ್ಕೆ ಕಳಚಿತು. ಹೊಳೆಗೆ ಹೋದರೆ ಈಗ… ಬೇಡ.

"ರೀ ಮೇಷ್ಟ್ರೇ, ಲೈಟ್ ಆರ್ಸಿ! ನಮ್ಮನೆ ತುಂಬ ರೆಕ್ಕೆ ಮಾಡ್ಕೊತೀರಾ?"

ನಮ್ಮನೆ ಎಂದಳು. ಒಳಗೆ ಮಂಗಳಮ್ಮನ ಸೌಟಿನ ಸದ್ದು ನಿಂತಿತು. ಅಕ್ಕ ಅಡುಗೆಮನೆಯಿಂದ ಇಣುಕಿದಳು. ತಾನು ಏನು ಅಂದೆನೆಂದು ಗಗನಳಿಗಿನ್ನೂ ಗೊತ್ತಾಗಿಲ್ಲ, ಬಾಗಿಲಲ್ಲಿ ನಿಂತು ಸ್ವಿಚ್ಚಿನ ಕಡೆ ಕೈ ತೋರಿಸುತ್ತಿದ್ದಾಳೆ… ಗೊತ್ತಾಯಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ತಾನೇ ಬರುತ್ತಿದ್ದಾಳೆ ಆರಿಸಲು, ಇನ್ನೊಂದೇ ಒಂದು ಸಾಲು ಬರೆ