ಅರೆಕಾಲು ಔನ್ಸಿನ ನೀರು

ಬಾಯು ಸಿಪ್ರಿಯೆನ್, ಲೂಸಿಯಾನಾ
ಅಕ್ಟೋಬರ್ 14, ಮಂಗಳವಾರ

ನನ್ನ ಒವೀಡ್,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಜೈಲಿನ ಅನ್ನ ಹಳಸಿದ್ದರೂ ತಿನ್ನು. ಹಸಿದು ಸೊರಗಿ ಅವರಿಗೆ ಉಪಕಾರ ಮಾಡಬೇಡ. ನಾನು ಚೆನ್ನಾಗಿದ್ದೇನೆ, ನಿನ್ನಮ್ಮ ಚೆನ್ನಾಗಿಲ್ಲ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ ಎಂದು ನಿನಗೆ ಗೊತ್ತು. ಅತ್ತೆಯ ಎದೆಯಲ್ಲಿ ನೀರು ತುಂಬಿಕೊಂಡಿದೆ. ಡಾಕ್ಟರು ಕೈಚೆಲ್ಲಿದ ಮೇಲೆ ಮನೆಗೆ ಕರೆತಂದು, ಕಿಟಕಿಯಿಂದ ದೋಣಿಕಟ್ಟೆ ಕಾಣುವಂತೆ ಮಂಚ ತಿರುಗಿಸಿದ್ದೇನೆ. ಮಾತು ಮಾತ್ರ ಇನ್ನೂ ಮೊದಲಿನಂತೆಯೇ ಹರಿತ.

ಎಣ್ಣೆ ಕಂಪನಿಯ ವಕೀಲ ಮತ್ತೆ ಬಂದಿದ್ದ. ಕಾಲುವೆ ಅಗೆಯುವ ಯಂತ್ರಕ್ಕೆ ದೋಣಿ ಅಡ್ಡ ನಿಲ್ಲಿಸಿದ್ದು ತಪ್ಪಾಯಿತು, ಇನ್ನು ಅವರ ಕೆಲಸಕ್ಕೆ ಅಡ್ಡಬರುವುದಿಲ್ಲ ಎಂದು ನೀನು ಸಹಿ ಹಾಕಿದರೆ ಮರುದಿನವೇ ಬಿಡುಗಡೆಯಂತೆ. ತಾಯಿಯ ಮುಖ ನೋಡಲಿ ಪಾಪ ಎಂದ. ಎಂಥ ಕರುಣೆ ನೋಡು! ನಿನ್ನ ಸಹಿ ಬಿದ್ದರೆ ಉಳಿದ ದೋಣಿಗಳವರೂ ಒಬ್ಬೊಬ್ಬರಾಗಿ ಸಹಿ ಹಾಕುತ್ತಾರೆ, ಆಮೇಲೆ ಕಾಲುವೆಯನ್ನು ಎಷ್ಟು ಬೇಕಾದರೂ ಅಗಲ ಮಾಡಬಹುದು ಎಂಬ ಲೆಕ್ಕ ಅವನ ಕರುಣೆಯ ಒಳಗಿದೆ. ಅತ್ತೆ ಮಲಗಿದ್ದಲ್ಲಿಂದಲೇ ಕೂಗಿದರು: "ಅವನಿಗೆ ಕಾಫಿ ಕೊಡ್ಬೇಡ ಕಣೇ ಕ್ಲೆಲೀ! ನೆಲಾನೇ ಹೊತ್ಕೊಂಡು ಹೋದೋರು, ಕಪ್ಪು ಬಿಟ್ಟು ಹೋಗ್ತಾರಾ?" ಅವನು ಹಲ್ಲು ಕಿರಿದು ಎದ್ದುಹೋದ.

ಗಾಳಕ್ಕೆ ಯಾವ ಅಳತೆಯ ಸೀಸದ ತಲೆ ಎರೆಯುತ್ತಿದ್ದೀಯ ಎಂದು ಹೋದ ಕಾಗದದಲ್ಲಿ ನೀನು ಕೇಳಿದ್ದೆ. ಅದನ್ನೇ ಬರೆಯುತ್ತೇನೆ. ಈ ಕಾಗದ ಒಡೆದು ಓದುವ ಜೈಲಿನವರೂ ಕಲಿತುಕೊಳ್ಳಲಿ, ಅವರಿಗೆ ಬೇರೇನು ಕೆಲಸವಿದೆ! ನೀನು ಹೋದ ಮೇಲೆ ಷೆಡ್ಡಿನಲ್ಲಿ ಅಚ್ಚಿನ ಮುಂದೆ ಕೂತವಳು ನಾನು, ಹಿಂದೆ ಕುರ್ಚಿ ಹಾಕಿಕೊಂಡು ಕೂತವರು ನಿನ್ನಮ್ಮ. ಮೆತ್ತನೆಯ ಪ್ಲಾಸ್ಟಿಕ್ ಸಿಗಡಿಯನ್ನು ಗಾಳದ ಪಕ್ಕ ಮಲಗಿಸಿ ನೋಡಬೇಕು. ಗಾಳದ ಮೊನೆ ಸಿಗಡಿಯ ಬೆನ್ನಿನ ಮುಂಭಾಗದಲ್ಲೇ ಹೊರಬರಬೇಕು. ಹಿಂದೆ ಬಂದರೆ ಬಾಲ ಸೆಟೆದುಕೊಂಡು ಕುಣಿಯುವುದಿಲ್ಲ. ಗಾಳದ ಬಾಗು ಸಿಗಡಿಯ ಮೈಗಿಂತ ಅಗಲವಿರಬೇಕು, ಇಲ್ಲದಿದ್ದರೆ ಮೀನು ಕಚ್ಚಿದರೂ ಮೊನೆ ನಾಟುವುದಿಲ್ಲ. ನಾನು ಒಮ್ಮೆ ದಪ್ಪ ಗಾಳ ಹಾಕಿದ್ದಕ್ಕೆ ಅತ್ತೆ ಏನೆಂದರು ಗೊತ್ತೇ? "ಮೀನನ್ನ ಕೊಲ್ಲೇ ಅಂದ್ರೆ ಸಿಗಡೀನೇ ಕೊಂದಿದ್ದೀಯಲ್ಲೇ. ಹೆಣ ಕುಣಿಯುತ್ತಾ?" ಗಾಳ ಸಿಗಡಿಯ ಮೈ ನೋಡಿಕೊಂಡು, ಸೀಸ ನೀರಿನ ಆಳ ನೋಡಿಕೊಂಡು. ಹಗುರವಾದರೆ ಸೆಳೆತಕ್ಕೆ ತೇಲಿಹೋಗುತ್ತದೆ, ಭಾರವಾದರೆ ಕಲ್ಲಿನಂತೆ ಬಿದ್ದು ಕೆಸರಿನಲ್ಲಿ ಹೂತುಕೊಳ್ಳುತ್ತದೆ.

ಇಷ್ಟು ಚೆನ್ನಾಗಿ ಬಲ್ಲ ನಿನ್ನಮ್ಮ ಒಂದು ವಿಷಯದಲ್ಲಿ ಮಾತ್ರ ಹಟ ಬಿಡಲಿಲ್ಲ. ಸ್ಮಶಾನದ ದಿಬ್ಬದ ಹಿಂದಿನ ಕೊಳಕ್ಕೆ ಅರೆಕಾಲು ಔನ್ಸೇ ಆಗಬೇಕು. ಅವರು ಮದುವೆಯಾಗಿ ಬಂದಾಗ ಅಲ್ಲಿ ಮೊಣಕಾಲುದ್ದ ನೀರಿತ್ತಂತೆ. ಕಾಲು ಔನ್ಸು ಬೇಕಾದದ್ದು ದೊಡ್ಡ ಕೆರೆಗೆ, ಅರ್ಧ ಔನ್ಸು ಬೇಕಾದದ್ದು ದೂರದ ಕೊಲ್ಲಿಯ ಬಾಯಿಗೆ. ಅರ್ಧ ಔನ್ಸು ಕಟ್ಟಿಕೊಂಡು ಹೋದ ಗಂಡಸು ಕತ್ತಲಾಗುವ ಮೊದಲು ಮನೆಗೆ ಬರುತ್ತಿರಲಿಲ್ಲವಂತೆ. ಕಳೆದ ಬಿರುಗಾಳಿಯಲ್ಲಿ ದಿಬ್ಬ ಮುಳುಗಿತಲ್ಲ, ಅದು ಮತ್ತೆ ಏಳುತ್ತದೆ ಎಂದೇ ಅವರು ನಂಬಿದ್ದರು. ನೀನು ಜೈಲು ಸೇರಿದ ಮೇಲೆ ನಾವ್ಯಾರೂ ಅತ್ತ ಹೋಗಿರಲಿಲ್ಲ.

ಹೋದ ತಿಂಗಳು ಹ್ಯೂಸ್ಟನ್ನಿನ ಗಿರಾಕಿಯೊಬ್ಬ ನಮ್ಮಲ್ಲಿ ಕೊಂಡ ಸೀಸದ ಪೊಟ್ಟಣ ತಂದು ಮೇಜಿನ ಮೇಲೆ ಎಸೆದ. ದಿಬ್ಬದ ಹತ್ತಿರ ನಿಮ್ಮ ಅರೆಕಾಲು ತಳವನ್ನೇ ಮುಟ್ಟುವುದಿಲ್ಲ ಎಂದು ಕೂಗಾಡಿದ. ಅತ್ತೆಗೆ ಉರಿದುಹೋಯಿತು. "ತಳ ಮುಟ್ಟೋದು ಸೀಸ ಅಲ್ಲಪ್ಪಾ, ಕೈ! ನಿನ್ನ ಕೈ ಏನು ನಿದ್ದೆ ಮಾಡ್ತಾ ಇತ್ತಾ?" ಎಂದವರೇ, ಕೋಲು ಊರಿಕೊಂಡು ಬಂದು ದೋಣಿಯಲ್ಲಿ ಕೂತರು. ತಡೆಯಲು ನಾನ್ಯಾರು?

ದಿಬ್ಬದ ಗುರುತಿಗೆ ಉಳಿದಿರುವುದು ಒಣಗಿ ನಿಂತ ಆ ಓಕ್ ಮರಗಳಷ್ಟೇ. ಅಲ್ಲಿ ದೋಣಿ ನಿಲ್ಲಿಸಿದೆ. ಅತ್ತೆ ಅರೆಕಾಲು ಕಟ್ಟಿ ಎಸೆದರು. ಕಾಲುವೆಯ ಸೆಳೆತ ದಾರವನ್ನು ಎಳೆದುಕೊಂಡು ಹೋಗುತ್ತಲೇ ಇತ್ತು, ಅವರ ಬೆರಳಿಗೆ ತಳ ಸಿಗಲೇ ಇಲ್ಲ. ಮತ್ತೆ ಎಸೆದರು. ನನ್ನ ಮುಖ ನೋಡದೆ ಕೈಚಾಚಿ "ಕಾಲು ಕೊಡು" ಎಂದರು. ಅದೂ ತೇಲಿತು. ಮತ್ತೆ ಕೈ ಚಾಚಿದರು. ನಾನು ಅರ್ಧ ಔನ್ಸು ಕೊಟ್ಟೆ. ಅದು ಮುಳುಗಿ ಏನಕ್ಕೋ ಸಿಕ್ಕಿಕೊಂಡಿತು. ಎಳೆದಾಗ ಗಾಳದ ತುದಿಯಲ್ಲಿ ಕೆಸರು ಮೆತ್ತಿದ ಪ್ಲಾಸ್ಟಿಕ್ ಹೂವೊಂದು ಬಂತು, ಅದಕ್ಕೆ ಬಲೆಯ ನೀಲಿ ದಾರ ಸುತ್ತಿತ್ತು. ಹೋದ ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ಸಮಾಧಿಗೆ ಸುಣ್ಣ ಬಳಿದು, ನಿನ್ನಪ್ಪನ ಶಿಲುಬೆಗೆ ನೀನೇ ಕೈಯಾರೆ ಕಟ್ಟಿದ್ದೆಯಲ್ಲ, ಅದೇ ಹೂವು.

ಒವೀಡ್, ನಾವು ಮಾವನ ತಲೆಯ ಮೇಲೆ ಗಾಳ ಹಾಕಿ ಕೂತಿದ್ದೆವು. ಅವರಿಗೆ ದೀಪ ಹಚ್ಚುತ್ತಿದ್ದ ಜಾಗಕ್ಕೆ ಈಗ ಕೊಲ್ಲಿಯ ಸೀಸ ಬೇಕು. ಇದು ಬಿರುಗಾಳಿಯ ಕೆಲಸ ಅಂತೆ. ಹಾಗೆಂದು ಕಂಪನಿ ಹೇಳುತ್ತದೆ, ಹಾಗೆಂದೇ ಸರ್ಕಾರವೂ ಹೇಳುತ್ತದೆ. ಬಿರುಗಾಳಿ ನಮ್ಮಜ್ಜಂದಿರ ಕಾಲಕ್ಕೂ ಬರುತ್ತಿತ್ತು, ಬಂದು ಹೋಗುತ್ತಿತ್ತು. ಜೌಗು ಹುಲ್ಲುಗಾವಲಿನ ಎದೆ ಸೀಳಿ ಕಾಲುವೆ ತೋಡಿ, ಉಪ್ಪುನೀರು ನುಗ್ಗಲು ದಾರಿ ಮಾಡಿಕೊಟ್ಟವರು ಯಾರು? ಎಣ್ಣೆಯ ಕೊಳವೆಗೆ ಜಾಗವಿದೆ, ನಮ್ಮ ಹೆಣಕ್ಕೆ ಜಾಗವಿಲ್ಲ.

ಅತ್ತೆ ಹೂವನ್ನು ಅಂಗಿಯ ತುದಿಯಲ್ಲಿ ಒರೆಸಿ ಜೇಬಿಗಿಟ್ಟುಕೊಂಡರು. ಮನೆಗೆ ಬಂದವರೇ ಅರೆಕಾಲಿನ ಅಚ್ಚನ್ನು ಷೆಡ್ಡಿನ ಮೂಲೆಗೆ ಎಸೆದು, "ನನ್ನ ಮಗನಿಗೆ ಬರಿ. ನಾನು ಸತ್ರೂ ಸಹಿ ಹಾಕಕೂಡದು ಅಂತ ಬರಿ" ಎಂದರು. ಆವತ್ತು ಮಲಗಿದವರು ಇನ್ನೂ ಎದ್ದಿಲ್ಲ. ಅವರ ಮಾತನ್ನು ಬರೆದಿದ್ದೇನೆ, ನನ್ನ ಮಾತೂ ಅದೇ. ಸಹಿ ಹಾಕಬೇಡ. ನಾನು ಈಗ ಕಾಲು ಮತ್ತು ಅರ್ಧ ಮಾತ್ರ ಎರೆಯುತ್ತಿದ್ದೇನೆ.

ನಿನ್ನ ಜೊತೆಗಿರುವ ಗೆಳೆಯರಿಗೆ ನನ್ನ ನೆನಪು ಹೇಳು. ತಲೆ ತಗ್ಗಿಸಬೇಡ, ರಾತ್ರಿ ಕಾಲಿಗೆ ಬೆಚ್ಚಗೆ ಹೊದ್ದುಕೋ.

ನಿನ್ನವಳೇ,
ಕ್ಲೆಲಿ

ಮರೆತಿದ್ದು: ಅಂಚೆಯ ವ್ಯಾನು ಬರುವ ಹೊತ್ತು, ಗೀಚುತ್ತಿದ್ದೇನೆ. ಲಕೋಟೆ ಅಂಟಿಸುವಾಗ ಅತ್ತೆ ಕಣ್ಣು ಬಿಟ್ಟು ಕಿಟಕಿಯತ್ತ ನೋಡಿ, "ಒವೀಡ್ ಬಂದ್ನಾ?" ಎಂದರು. ಜೈಲು, ಕಂಪನಿ, ಸಹಿ ಯಾವುದೂ ಅವರ ನೆನಪಿನಲ್ಲಿಲ್ಲ. ಮೀನಿಗೆ ಹೋಗಿದ್ದಾನೆ ಅತ್ತೆ, ಬರ್ತಾನೆ ಎಂದೆ. "ಯಾವ ಸೀಸ ತಗೊಂಡೋದ?" ಎಂದು ಕೇಳಿದರು. ಬಾಯಿಗೆ ಬಂದದ್ದು ಅರ್ಧ ಔನ್ಸು. "ಓ, ಹಾಗಾದ್ರೆ ದೂರ ಹೋಗವ್ನೆ. ಬರೋದು ತಡ ಆಗುತ್ತೆ. ಕಾಯ್ತೀನಿ ಬಿಡು" ಎಂದು ಕಣ್ಣು ಮುಚ್ಚಿದರು. ಮೇಲೆ ಬರೆದದ್ದನ್ನು ನಾನು ಹೊಡೆದುಹಾಕುತ್ತಿಲ್ಲ, ಒವೀಡ್. ಆದರೆ ಅವರು ಕಾಯುತ್ತಿದ್ದಾರೆ.