ಎರಡು ಬೈಕುಗಳನ್ನು ಸೋಲಿಸಲು ಹೊರಟು

ಫೆಬ್ರವರಿ ೧೧, ಮಂಗಳವಾರ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ವಿದ್ಯೆ ಇಂದು ನನಗೇ ತಿರುಗುಬಾಣವಾಯಿತು. ಡಾಂಬರು ರಸ್ತೆಗೂ ಕಚ್ಚಾ ದಾರಿಗೂ ಒಗ್ಗುವ ಎರಡು ಸಣ್ಣ ಬೈಕುಗಳ ಚಿತ್ರಗಳನ್ನು ಮಗಳು ಊಟದ ಮೇಜಿನ ಮೇಲಿಟ್ಟಳು. ಸರ್ವೆ ಕೆಲಸಕ್ಕೆ ಗುಡ್ಡ ಹತ್ತಬೇಕಂತೆ. ಎರಡನ್ನೂ ಬೇಡವೆನ್ನಿಸುವುದೇ ನನ್ನ ಉದ್ದೇಶವಾಗಿತ್ತು. ಮೊದಲನೆಯದು ಹೆದ್ದಾರಿಯಲ್ಲಿ ಸ್ಥಿರ, ಆದರೆ ಭಾರ. ಕೆಸರಿನಲ್ಲಿ ಬಿದ್ದರೆ ಒಬ್ಬಳೇ ಎತ್ತಲಾರೆ ಎಂದೆ. ಅದನ್ನು ಸೋಲಿಸುವ ಭರದಲ್ಲಿ ಎರಡನೆಯದು ಎಷ್ಟು ಹಗುರ, ಕಲ್ಲಿಗೆ ತಾಗದಷ್ಟು ಎತ್ತರ ಎಂದೆಲ್ಲ ಹೊಗಳಿದೆ. ಅದನ್ನು ಖಂಡಿಸುವ ಸರದಿ ಬರುವಷ್ಟರಲ್ಲಿ ಅವಳು ಫೋನಿನಲ್ಲೇ ಬುಕ್ ಮಾಡಿಯಾಗಿತ್ತು.

"ನನ್ನ ಮಾತಿನ್ನೂ ಮುಗಿದಿಲ್ಲ," ಎಂದೆ.

"ಸಾಕು ಬಿಡಿ ಅಪ್ಪಾ, ಶೋರೂಮಿನವ್ನೂ ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ. ನಿಮಗೇನಾದ್ರೂ ಕಮಿಷನ್ ಇದ್ಯಾ?"

ಸೀಟು ವಿಪರೀತ ಎತ್ತರ, ಹೆದ್ದಾರಿಯ ವೇಗಕ್ಕೆ ಎಂಜಿನ್ ಸಾಲದು ಎಂಬ ಅಂಶಗಳು ಬಾಯಲ್ಲೇ ಉಳಿದವು. ಉಳಿಯಲಿ, ಅವೂ ನೆಪಗಳೇ. ಇವಳ ಅಣ್ಣನನ್ನು ರಸ್ತೆ ನುಂಗಿತು. ಇವಳನ್ನೂ ಕಳೆದುಕೊಳ್ಳುವ ಭಯ ನನಗೆ. ಇಷ್ಟನ್ನು ಹೇಳಲು ವಾದವೇ ಬೇಕಿರಲಿಲ್ಲ.

ಅದನ್ನೇ ಹೇಳಬೇಕೆಂದು, ಮಲಗಲು ಹೊರಟವಳನ್ನು ಕರೆದೆ. ತಿರುಗಿ ನಿಂತಳು.

"ಟೈರಿನ ಗಾಳಿ ರಸ್ತೆಗೆ ಬೇರೆ, ಮಣ್ಣಿಗೆ ಬೇರೆ. ಎಷ್ಟೆಷ್ಟು ಅಂತ ಕೇಳಿ ತಿಳ್ಕೋ," ಎಂದುಬಿಟ್ಟೆ.